ಒಂದೇ ಟಾಕಿ, ಎರಡು ಸಾವಿರ ಲೀಟರ್: ‘ಮನೆ ಬಂಕ್’ ಕೊಳ್ಳುವವರು ಮೊದಲು ಇದನ್ನು ಓದಿ

ರೈತರ ವಾಟ್ಸ್‌ಆಪ್ ಗುಂಪುಗಳಲ್ಲಿ ಈಗಲೂ ಹರಿದಾಡುತ್ತಿರುವ ಒಂದು ಜಾಹೀರಾತಿನಲ್ಲಿ, ‘ಮನೆ ಬಂಕ್’ ಎಂದು ಮಾರುವ, ಮನೆಯಲ್ಲೇ ಡೀಸೆಲ್ ತುಂಬಿಡುವ, ಚೆಂಡುಹೂವಿನ ಮಾಲೆ ಹಾಕಿದ ದೊಡ್ಡ ಕೆಂಪು ಟಾಕಿಯ ಪಕ್ಕದಲ್ಲಿ, ಬಂಕಿನವರಂತೆ ಕೈಯಲ್ಲಿ ಗನ್ ಹಿಡಿದು, ಹಲ್ಲು ಕಿರಿದು ನಿಂತವನು ನಾನು. ‘ನಮ್ಮ ಸಂತೃಪ್ತ ಗ್ರಾಹಕರು’ ಎಂದು ಅದರ ಕೆಳಗೆ ಬರೆದಿದ್ದಾರೆ. ಆಯುಧ ಪೂಜೆಯ ದಿನ ತೆಗೆದ ಆ ಚಿತ್ರವನ್ನು ಅಳಿಸಿ ಎಂದು ನಾಲ್ಕು ಬಾರಿ ಕೇಳಿದ್ದೇನೆ, ಅಳಿಸಿಲ್ಲ. ಕಳೆದ ವಾರ ಪಕ್ಕದ ತಾಲ್ಲೂಕಿನ ಇಬ್ಬರು ನನ್ನ ಗುರುತು ಹಿಡಿದು, ನಂಬರ್ ಹುಡುಕಿ, ‘ಟಾಕಿ ಹೆಂಗೈತ್ರಿ?’ ಎಂದು ಫೋನ್ ಮಾಡಿದರು. ನಾನು ಸಂತೃಪ್ತನಲ್ಲ, ಮೋಸ ಹೋದವನು. ಅವರಿಬ್ಬರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮುಧೋಳ ತಾಲ್ಲೂಕಿನಲ್ಲಿ ಘಟಪ್ರಭಾ ದಂಡೆಯ ಊರು. ಮನೆಯಲ್ಲಿ ಮೂರು ಟ್ರ್ಯಾಕ್ಟರ್‌ಗಳಿವೆ. ಕಬ್ಬು ನುರಿಸುವ ಹಂಗಾಮು ಶುರುವಾದರೆ ಅದರಲ್ಲಿ ಎರಡು ಹಗಲು ರಾತ್ರಿ ಕಾರ್ಖಾನೆಗೆ ಕಬ್ಬು ಸಾಗಿಸುತ್ತವೆ. ಬಂಕ್ ಇರುವುದು ಹನ್ನೊಂದು ಕಿಲೋಮೀಟರ್ ದೂರದಲ್ಲಿ. ಅಲ್ಲಿಗೆ ಹೋಗಿಬರಲು ಸುಡುವ ಎಣ್ಣೆ ಎಷ್ಟು, ಹೊತ್ತು ಎಷ್ಟು ಎಂದು ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಹೇಳಬೇಕಾಗಿಲ್ಲ. ಮೊದಲು 200 ಲೀಟರಿನ ಎರಡು ಬ್ಯಾರಲ್ ತುಂಬಿಸಿಟ್ಟು ಕೈಪಂಪು ತಿರುವಿ ಹಾಕಿಕೊಳ್ಳುತ್ತಿದ್ದೆವು. ಅದರಲ್ಲಿ ತೊಂದರೆಯೇನೂ ಇರಲಿಲ್ಲ, ಯಾವ ಗಾಡಿಗೆ ಎಷ್ಟು ಹೋಯಿತು ಎಂಬ ಲೆಕ್ಕ ಮಾತ್ರ ಸಿಗುತ್ತಿರಲಿಲ್ಲ. ನನ್ನ ಆ ಕೊರಗಿಗೇ ಅವರು ಗಾಳ ಹಾಕಿದರು.

ಒಂದು ಕೃಷಿ ಪ್ರದರ್ಶನದ ಮಳಿಗೆಯಲ್ಲಿ ಮೂವತ್ತರ ಆಸುಪಾಸಿನ ಹುಡುಗನೊಬ್ಬ ‘ಕಾಕಾ, ಬರ್ರಿ’ ಎಂದು ಕುರ್ಚಿ ಕೊಟ್ಟು ಕೂರಿಸಿ, ಚಹಾ ತರಿಸಿ, ಎರಡು ಸಾವಿರ ಲೀಟರಿನ ಟಾಕಿ, ನಿಮಿಷಕ್ಕೆ 40 ಲೀಟರ್ ಎತ್ತುವ 12 ವೋಲ್ಟಿನ ಪಂಪು, ಫಿಲ್ಟರ್, ಮೀಟರ್, ತುಂಬಿದ ಕೂಡಲೇ ತಾನಾಗಿ ನಿಲ್ಲುವ ಗನ್, ಎಲ್ಲ ಸೇರಿ 1,68,000 ರೂಪಾಯಿ ಎಂದು ಹೇಳಿದ. ಲೈಸೆನ್ಸ್ ಬೇಕಾಗುವುದಿಲ್ಲವೇ ಎಂದು ನಾನು ಕೇಳಿದ್ದೆ, ಕೇಳಿಯೇ ಕೇಳಿದ್ದೆ. ಅದಕ್ಕೆ ಅವನು ಮೊಬೈಲ್ ತೆಗೆದು, 1934ರ ಪೆಟ್ರೋಲಿಯಂ ಕಾಯ್ದೆಯ 7ನೇ ಸೆಕ್ಷನ್ ಎಂದು ಒಂದು ಚಿತ್ರ ತೋರಿಸಿದ. ಬಿ ವರ್ಗದ ಪೆಟ್ರೋಲಿಯಂ, ಅಂದರೆ ನಮ್ಮ ಡೀಸೆಲ್, ಒಂದು ಸ್ಥಳದಲ್ಲಿ ಒಟ್ಟು 2,500 ಲೀಟರ್ ಮೀರದಿದ್ದರೆ ಪರವಾನಗಿ ಬೇಡ ಎಂದು ಅದರಲ್ಲಿತ್ತು. ‘ನೋಡ್ರಿ ಕಾಕಾ, ಕಾಯ್ದೆನ ಹೇಳತೈತಿ. ನಿಮ್ಮದು ಎರಡ ಸಾವಿರ. ಇನ್ನೂ ಐನೂರ ಉಳೀತು’ ಎಂದ. ಚಿತ್ರದ ಕೆಳತುದಿ ಕತ್ತರಿಸಿದಂತಿದ್ದುದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

60,000 ನಗದು ಕೊಟ್ಟೆ, ಉಳಿದದ್ದನ್ನು ಬ್ಯಾಂಕಿನಿಂದ ಹಾಕಿದೆ. ಕೊಟೇಶನ್ನಿನಲ್ಲಿ ‘ಎಂ.ಎಸ್. ಡೀಸೆಲ್ ಟಾಕಿ’ ಎಂದು ಬರೆದಿತ್ತು. ಎಂ.ಎಸ್. ಎಂದರೆ ಮೈಲ್ಡ್ ಸ್ಟೀಲ್, ಸಾದಾ ಉಕ್ಕು. ದಸರಾಕ್ಕೆ ನಾಲ್ಕು ದಿನ ಮೊದಲು ಬಂದು, ನಾಲ್ಕಡಿ ಎತ್ತರದ ಸ್ಟ್ಯಾಂಡಿನ ಮೇಲೆ ಕೂರಿಸಿ, ಕಣಿಕೆ ಬಣವೆಯಿಂದ ಹನ್ನೆರಡು ಹೆಜ್ಜೆಯಷ್ಟೇ ದೂರದಲ್ಲಿ ನಿಲ್ಲಿಸಿ ಹೋದರು. ಅರ್ಥಿಂಗ್ ಎಲ್ಲಿ ಎಂದು ನನ್ನ ಮಗ ಕೇಳಿದಾಗ, ಡೀಸೆಲ್ ಪೆಟ್ರೋಲಿನಂತೆ ಹೊತ್ತಿಕೊಳ್ಳುವುದಿಲ್ಲ ಎಂದು ನಕ್ಕರು. ಒಳಗೆ ಇಣುಕಿ ನೋಡಿದರೆ ಟಾಕಿ ಕನ್ನಡಿಯಂತೆ ಹೊಳೆಯುತ್ತಿತ್ತು, ತುಕ್ಕಿನ ಮಾತೇ ಇಲ್ಲ ಎಂದು ನಾನು ಮನೆಯವರನ್ನೆಲ್ಲ ಕರೆದು ತೋರಿಸಿದೆ. ಆ ಹೊಳಪೇ ಮುಂದೆ ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ನನ್ನ ಇಂಜೆಕ್ಟರ್‌ಗಳನ್ನು ತಿಂದಿತು. ಹಬ್ಬದ ಮರುದಿನ ಒಂಬತ್ತು ಬ್ಯಾರಲ್, ಅಂದರೆ 1,800 ಲೀಟರ್ ತಂದು ತುಂಬಿಸಿದೆವು. ಗಾಡಿಗೆ ಗನ್ ಇಟ್ಟಾಗಲೆಲ್ಲ ಮೀಟರಿನ ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬಿಡುವಂತಿಲ್ಲ. ಟಾಕಿ ಬರಿದಾದ ದಿನ ಪುಸ್ತಕ ಕೂಡಿಸಿದರೆ 1,660 ಲೀಟರ್ ಆಯಿತು. ಒಳಗೆ ಹೋದದ್ದು 1,800, ಹೊರಗೆ ಬಂದದ್ದು 1,660. 140 ಲೀಟರ್, ಹನ್ನೆರಡು ಸಾವಿರ ರೂಪಾಯಿಗೂ ಮೇಲಿನ ಎಣ್ಣೆ, ಎಲ್ಲಿ ಹೋಯಿತು? ಮಾರಿದವನಿಗೇ ಫೋನ್ ಮಾಡಿದೆ. ‘ಮೀಟರ್ ಸುಳ್ಳ ಹೇಳೂದಿಲ್ಲ ಕಾಕಾ. ಮನಷ್ಯಾ ಹೇಳ್ತಾನ. ಡ್ರೈವರ್ ಮ್ಯಾಲ ಸ್ವಲ್ಪ ಕಣ್ಣಿಡ್ರಿ’ ಎಂದು ಅವನು ಹೇಳಿದ ಮಾತನ್ನು ನಾನು ನಂಬಿದೆ. ಒಂಬತ್ತು ವರ್ಷ ನಮ್ಮ ಗಾಡಿ ಹೊಡೆದವನನ್ನು ಅಂಗಳದಲ್ಲಿ ನಿಲ್ಲಿಸಿ, ನಾಲ್ಕು ಜನರ ಎದುರಿಗೆ, ರಾತ್ರಿ ಟಾಕಿಯಿಂದ ಎಣ್ಣೆ ತೆಗೆದೆಯಾ ಎಂದು ಕೇಳಿದೆ. ‘ಮಾಲಕರ, ನಾ ಮುಟ್ಟಿದ್ರ ನನ್ನ ಕೈ ಸೇದಿಹೋಗ್ಲಿ’ ಎಂದ. ಅವನ ಪಗಾರದಲ್ಲಿ ಐದು ಸಾವಿರ ಹಿಡಿದುಕೊಂಡೆ. ಅವನು ಕೀಲಿ ಕಟ್ಟೆಯ ಮೇಲಿಟ್ಟು ಹೋದ.

ಅವನು ಹೋದ ಎಂಟೇ ದಿನಕ್ಕೆ ಹೊಸ ಗಾಡಿ, ಹಿಂದೆ ಎರಡು ತುಂಬಿದ ಟ್ರೇಲರ್ ಇರುವಾಗಲೇ, ಏರಿನಲ್ಲಿ ಕೆಮ್ಮಿ ನಿಂತಿತು. ಅದು 50 ಎಚ್‌ಪಿಗಿಂತ ದೊಡ್ಡದು, 2023ರ ಜನವರಿಯಿಂದ ಟ್ರ್ಯಾಕ್ಟರ್ ಹೊಗೆಗೆ ಮಿತಿ ಹಾಕುವ ಟ್ರೆಮ್-4 ನಿಯಮ ಬಂದ ಮೇಲೆ ಕೊಂಡದ್ದು. ಭಾರಿ ಒತ್ತಡದಲ್ಲಿ ಎಣ್ಣೆ ಚಿಮ್ಮಿಸುವ ಕಾಮನ್ ರೇಲ್ ಇರುವುದರಿಂದ ಎಣ್ಣೆಯಲ್ಲಿ ಕಣ್ಣಿಗೆ ಕಾಣದ ಕಸವಿದ್ದರೂ ಸಹಿಸುವುದಿಲ್ಲ. ಮೇಸ್ತ್ರಿ ಫಿಲ್ಟರ್ ಬಿಚ್ಚಿ, ಬೂದು ಬಣ್ಣದ ಮೇಣದಂಥ ಜಿಡ್ಡನ್ನು ಬೆರಳಿಗೆ ಹಚ್ಚಿಕೊಂಡು, ಎಣ್ಣೆ ಯಾವುದರಲ್ಲಿ ಇಟ್ಟಿದ್ದೀರಿ ಎಂದು ಕೇಳಿದ. ಮನೆಗೆ ಬಂದು ಟಾಕಿಯ ಒಳಗೆ ಟಾರ್ಚ್ ಬಿಟ್ಟು ನೋಡಿದವನೇ, ಇದು ಎಂ.ಎಸ್. ಅಲ್ಲ, ಜಿ.ಐ. ಹಾಳೆ ಎಂದ. ಜಿ.ಐ. ಎಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ನೀರಿಗೆ ಒಳ್ಳೆಯದು, ಡೀಸೆಲಿಗೆ ಅಲ್ಲ. ಎಣ್ಣೆಯಲ್ಲಿರುವ ಆಮ್ಲದ ಅಂಶವೂ ತೇವವೂ ಸೇರಿ ಸತುವನ್ನು ಕರಗಿಸಿ, ಸಾಬೂನಿನಂಥ ಜಿಡ್ಡು ಮಾಡುತ್ತವೆ. ಅದು ಮೊದಲು ಫಿಲ್ಟರಿಗೆ, ಆಮೇಲೆ ಇಂಜೆಕ್ಟರಿಗೆ ಹೋಗಿ ಕೂರುತ್ತದೆ. ಸತುವಿನ ಲೇಪದ ಪಾತ್ರೆಯಲ್ಲಿ ಡೀಸೆಲ್ ಇಡಬೇಡಿ ಎಂದು ನನ್ನ ಟ್ರ್ಯಾಕ್ಟರಿನ ಜೊತೆ ಬಂದ ಪುಸ್ತಕದಲ್ಲೇ ಇತ್ತು. ಪ್ಲಾಸ್ಟಿಕ್ ಕವರಿನಿಂದ ಅದನ್ನು ಹೊರಗೆ ತೆಗೆದದ್ದು ಅಂದೇ ಮೊದಲು. ರಿಪೇರಿಗೆ 38,000 ಆಯಿತು. ಎಣ್ಣೆಯ ದೋಷಕ್ಕೆ ವಾರಂಟಿ ಇಲ್ಲ ಎಂದರು, ಅವರ ಮೇಲೆ ಸಿಟ್ಟಾಗಲು ನನಗೆ ಕಾರಣವಿರಲಿಲ್ಲ.

ಮಾರಿದವನ ಉತ್ತರ ಕೇಳಿ: ‘ಬಂಕಿನ ಡೀಸೆಲ್‌ದಾಗ ನೀರ ಇದ್ದೀತು ಕಾಕಾ.’ ಮೂರು ದಿನದ ಮೇಲೆ, ‘ಟಾಕಿ ತೊಳೀದ ಹಾಕೀರಿ ಕಾಣಸ್ತೈತಿ.’ ತೊಳೆಯಬೇಕೆಂದು ನೀವು ಹೇಳಲಿಲ್ಲವಲ್ಲ ಎಂದರೆ, ‘ಅದು ಎಲ್ಲಾರಿಗೂ ಗೊತ್ತಿರತೈತ್ರಿ.’

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಟಾಕಿಯನ್ನು ತೊಳೆದು, ಸಣ್ಣ ಟ್ಯಾಂಕರಿನಲ್ಲಿ ಎಣ್ಣೆ ಕಳಿಸಿರೆಂದು ಬಂಕಿನ ಮ್ಯಾನೇಜರಿಗೆ ಟಾಕಿಯ ಫೋಟೋ ಕಳಿಸಿದೆ. ಅವರು ತಿರುಗಿ ಫೋನ್ ಮಾಡಿ, ಇದು ಒಂದೇ ಟಾಕಿಯೋ, ಒಳಗೆ ಎರಡು ಭಾಗ ಇದೆಯೋ ಎಂದು ಕೇಳಿದರು. ಒಂದೇ ಎಂದೆ. ‘ಹಂಗಾದ್ರ ಲೈಸೆನ್ಸ್ ಕಳಸ್ರಿ’ ಎಂದರು. ನಾನು ಜೋರಾಗಿ, ಪಂಡಿತನ ಹಾಗೆ, 7ನೇ ಸೆಕ್ಷನ್ ಹೇಳಿದೆ. ಅವರು ಸಮಾಧಾನದಿಂದ ಪೂರ್ತಿ ಕೇಳಿ, ಅದೇ ಸೆಕ್ಷನ್ನಿನ ಉಳಿದ ಅರ್ಧ ಸಾಲನ್ನು ಓದಿ ಹೇಳಿದರು: ಒಟ್ಟು 2,500 ಲೀಟರ್ ಮೀರಬಾರದು, ಮತ್ತು ಅದರಲ್ಲಿ ಯಾವುದೂ 1,000 ಲೀಟರಿಗಿಂತ ಹೆಚ್ಚು ಹಿಡಿಯುವ ಪಾತ್ರೆಯಲ್ಲಿ ಇರಬಾರದು. ಕತ್ತರಿಸಿದ ಚಿತ್ರದ ಕೆಳಗೆ ಇದ್ದದ್ದು ಅದು. ಅದಕ್ಕೂ ಮೇಲಿನದು ಬೇಕೆಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ, ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಸೊ ಸಂಸ್ಥೆಯ ಪರವಾನಗಿಯ ದಾರಿ ಹಿಡಿಯಬೇಕು. ಹಾಗಾದರೆ ಇಷ್ಟು ದಿನ ನನ್ನ ಅಂಗಳದಲ್ಲಿ, ಬಣವೆಯ ಮಗ್ಗುಲಲ್ಲಿ, ಪರವಾನಗಿ ಇಲ್ಲದೆ ಇಡಬಾರದಂಥ ಟಾಕಿಯನ್ನು ಇಟ್ಟುಕೊಂಡು, ಅದಕ್ಕೆ ಕುಂಕುಮ ಹಚ್ಚಿ, ಮಾಲೆ ಹಾಕಿ, ಫೋಟೋ ತೆಗೆಸಿಕೊಂಡಿದ್ದೆ. ಫೋನ್ ಇಟ್ಟ ಮೇಲೆ ಹೆಂಡತಿ ಏನಾಯಿತು ಎಂದು ಕೇಳಿದಳು. ಎಣ್ಣೆ ನಾಳೆ ಬರುತ್ತದೆ ಎಂದು ಸುಳ್ಳು ಹೇಳಿದೆ.

ಮಾರಿದವನಿಗೆ ಇದನ್ನು ಹೇಳಿದಾಗ ಅವನು ಅಳುಕಲೂ ಇಲ್ಲ. ‘ಅರ್ಧ ತುಂಬಸ್ರಿ ಕಾಕಾ, ಸಾವಿರದ ಒಳಗ ಇಡ್ರಿ, ಯಾರ ಕೇಳ್ತಾರ?’ ಕಾಯ್ದೆ ಕೇಳುವುದು ಪಾತ್ರೆ ಎಷ್ಟು ಹಿಡಿಯುತ್ತದೆ ಎಂಬುದನ್ನು, ಅದರಲ್ಲಿ ಎಷ್ಟು ತುಂಬಿದ್ದೇವೆ ಎಂಬುದನ್ನಲ್ಲ. ಇದನ್ನು ಅವನಿಗೆ ತಿಳಿಸಿ ಹೇಳಬೇಕಾದದ್ದು ನಾನು! ಟಾಕಿ ವಾಪಸ್ ಒಯ್ದು ದುಡ್ಡು ಕೊಡು ಎಂದೆ. ‘ನಾವು ಡೀಸೆಲ್ ಟಾಕಿ ಅಂತ ಎಲ್ಲಿ ಮಾರೇವಿ? ಬಿಲ್ ತಗದ ನೋಡ್ರಿ’ ಎಂದ.

ಬಿಲ್ ತೆಗೆದು ನೋಡಿದೆ. ಅದರಲ್ಲಿ ‘ಟ್ಯಾಂಕ್ - 1, ಪಂಪ್ ಸೆಟ್ - 1’ ಎಂದಷ್ಟೇ ಇತ್ತು. ಎಂ.ಎಸ್. ಇಲ್ಲ, ಡೀಸೆಲ್ ಇಲ್ಲ, ಲೀಟರ್ ಇಲ್ಲ. ಮೊತ್ತ 1,08,000, ನಗದು ಕೊಟ್ಟ 60,000ದ ಸುದ್ದಿಯೇ ಇಲ್ಲ. ಕೊಟೇಶನ್ನಿನಲ್ಲಿ ಒಂದು, ಬಿಲ್ಲಿನಲ್ಲಿ ಇನ್ನೊಂದು. ಆ ಬಿಲ್ಲನ್ನು ನಾನೇ ಸಹಿ ಹಾಕಿ ತೆಗೆದುಕೊಂಡು, ನಾನೇ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ದುಡ್ಡು ಹೋದದ್ದಕ್ಕಿಂತ ಆ ಕಾಗದ ನೋಡಿದ ಹೊತ್ತಿನಲ್ಲಿ ಹೊಟ್ಟೆ ಉರಿದದ್ದು ಹೆಚ್ಚು. ಮೋಸ ಮಾಡುವ ಯೋಚನೆ ಆಮೇಲೆ ಬಂದದ್ದಲ್ಲ, ಬಿಲ್ ಬರೆಯುವಾಗಲೇ ಇತ್ತು.

ಇನ್ನು ಆ 140 ಲೀಟರಿನ ವಿಷಯ. ಮೀಟರಿನ ಡಬ್ಬಿಯಲ್ಲಿ ಒಂದು ಸಣ್ಣ ಚೀಟಿ ಇತ್ತು. ನಿಮಿಷಕ್ಕೆ 20 ಲೀಟರಿಗಿಂತ ಕಡಿಮೆ ಹರಿದರೆ ಎಣಿಕೆ ಸರಿಯಾಗದು, ಕೂರಿಸಿದ ಮೇಲೆ ಅಳೆದು ಹೊಂದಿಸಿಕೊಳ್ಳಬೇಕು ಎಂದು ಮಗ ಓದಿ ಹೇಳಿದ. ತೊಳೆದ ಟಾಕಿಗೆ ಒಂದಿಷ್ಟು ಎಣ್ಣೆ ಸುರಿದು, ಅದನ್ನು ಮೀಟರಿನಲ್ಲಿ 20 ಬರುವವರೆಗೆ ಹಿಡಿದು, ಜೋಳ ತೂಗುವ ಕಾಟಾದ ಮೇಲಿಟ್ಟೆವು. ಪಾತ್ರೆಯ ತೂಕ ಕಳೆದರೆ 18 ಕಿಲೋ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ, ಬಂಕಿನಲ್ಲಿ ಆ ದಿನದ ಸಾಂದ್ರತೆ ಬರೆದು ಹಾಕಿರುತ್ತಾರೆ. 20 ಲೀಟರ್ ಇದ್ದಿದ್ದರೆ 16.6 ಕಿಲೋ ಆಗಬೇಕಿತ್ತು. ಪಾತ್ರೆಯಲ್ಲಿ ಇದ್ದದ್ದು 21.7 ಲೀಟರ್. ಬ್ಯಾಟರಿಯಿಂದ ಪಂಪಿಗೆ ಎಳೆದ ತೆಳ್ಳನೆಯ ವೈರಿನಲ್ಲಿ ವೋಲ್ಟೇಜ್ ಇಳಿದು, ಜಿಡ್ಡಿನಿಂದ ಫಿಲ್ಟರ್ ಕಟ್ಟಿ, ನಲವತ್ತು ಎಂದು ಹೇಳಿದ್ದ ಪಂಪು ನಿಮಿಷಕ್ಕೆ ಹದಿನೈದರ ಹತ್ತಿರ ಓಡುತ್ತಿತ್ತು. ಅಷ್ಟು ಮೆಲ್ಲಗೆ ಹರಿದರೆ ಒಂದಿಷ್ಟು ಎಣ್ಣೆ ಎಣಿಕೆಗೆ ಸಿಗದೆ ಮೀಟರನ್ನು ದಾಟಿ ಹೋಗುತ್ತದೆ. 1,800ಕ್ಕೆ ಅದೇ ಲೆಕ್ಕ ಹಾಕಿದರೆ 1,660 ಬರುತ್ತದೆ, ಲೀಟರ್ ಲೀಟರಿಗೆ ತಾಳೆ. ಎಣ್ಣೆಯೆಲ್ಲ ನನ್ನ ಗಾಡಿಗಳಿಗೇ ಹೋಗಿತ್ತು. ಯಾರೂ ಕದ್ದಿರಲಿಲ್ಲ.

ಅಂದೇ ರಾತ್ರಿ ಡ್ರೈವರಿನ ಮನೆಗೆ ಹೋಗಿ ಐದು ಸಾವಿರ ಕೊಟ್ಟೆ. ತೆಗೆದುಕೊಂಡ. ಕೆಲಸಕ್ಕೆ ಮಾತ್ರ ಬರಲಿಲ್ಲ, ಈಗ ಬೇರೆಯವರ ಗಾಡಿ ಹೊಡೆಯುತ್ತಿದ್ದಾನೆ. ದಾರಿಯಲ್ಲಿ ಎದುರಾದರೆ ಹಾರ್ನ್ ಹೊಡೆಯುತ್ತಿದ್ದವನು, ಈಗ ಹೊಡೆಯುವುದಿಲ್ಲ.

ಮನೆಯಲ್ಲಿ ಡೀಸೆಲ್ ಇಡಲೇಬೇಕು ಎನ್ನುವವರು 1,000 ಲೀಟರಿಗಿಂತ ದೊಡ್ಡ ಪಾತ್ರೆಯನ್ನು ಯಾರು ಎಷ್ಟು ಸಿಹಿಯಾಗಿ ಹೇಳಿದರೂ ಕೊಳ್ಳಬೇಡಿ. ಎರಡು ಬೇಕಾದರೆ ಎರಡು ಇಡಿ. ಲೋಹ ಯಾವುದು, ಎಷ್ಟು ಲೀಟರಿನದು, ಡೀಸೆಲಿಗೆ ಎಂದೇ ಮಾಡಿದ್ದೋ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳದೆ ಒಂದು ರೂಪಾಯಿ ಕೊಡಬೇಡಿ, ನಗದಂತೂ ಬೇಡವೇ ಬೇಡ. ಒಳಗೆ ಬೆಳ್ಳಿಯಂತೆ ಹೊಳೆದರೆ ವಾಪಸ್ ಕಳಿಸಿ. ನೀರು ಎಣ್ಣೆಗಿಂತ ಭಾರವಾದದ್ದರಿಂದ ತಳದಲ್ಲಿ ನಿಲ್ಲುತ್ತದೆ. ಅದನ್ನು ಬಿಡಲು ತಳದಲ್ಲಿ ನಲ್ಲಿಯಿರಬೇಕು, ಎಣ್ಣೆ ಎಳೆಯುವ ಕೊಳವೆ ತಳದಿಂದ ಒಂದು ಗೇಣು ಮೇಲಿರಬೇಕು. ನನ್ನದರಲ್ಲಿ ಎರಡೂ ಇರಲಿಲ್ಲ. ಟಾಕಿ ಎತ್ತರದಲ್ಲಿದ್ದರೆ, ಪೈಪ್ ಕಳಚಿದಾಗ ಎಣ್ಣೆ ತಾನಾಗಿ ಹರಿದುಹೋಗದಂತೆ ತಡೆಯುವ ವಾಲ್ವ್ ಕೇಳಿ. ಮೀಟರನ್ನು ತೂಕ ಮಾಡಿ ನೋಡಿದ ಮೇಲೆ ನಂಬಿ. ಅದಕ್ಕೂ ಮೊದಲು ಯಾರನ್ನೂ ಅಂಗಳದಲ್ಲಿ ನಿಲ್ಲಿಸಿ ಕೇಳಬೇಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಕಾಗದಗಳನ್ನು ಸಿದ್ಧ ಮಾಡುತ್ತಿದ್ದೇನೆ. ಎರಡು ವರ್ಷದೊಳಗೆ ಹಾಕಬೇಕು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಕೊಟೇಶನ್ ಇದೆ, ಚಾಟ್ ಇದೆ, ನಗದಿಗೆ ಮಾತ್ರ ಪುರಾವೆ ಇಲ್ಲ. ಟಾಕಿ ಹಿತ್ತಲಿನಲ್ಲಿ ಬಾಯಿ ತೆರೆದು ಬಿದ್ದಿದೆ. ಹಳೆಯ ಬ್ಯಾರಲ್ಲುಗಳೂ ಕೈಪಂಪೂ ಮತ್ತೆ ಹೊರಗೆ ಬಂದಿವೆ.

ಮಾರಿದವನು ಈಗ ನನ್ನ ಫೋನ್ ಎತ್ತುವುದಿಲ್ಲ. ಹೋದ ಸೋಮವಾರ ನನ್ನ ಅಳಿಯ ಹೊಸ ಗಿರಾಕಿಯಂತೆ ಅವನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಲೈಸೆನ್ಸ್ ಬೇಕಾಗುತ್ತದೆಯೇ ಎಂದು ಕೇಳಿದ. ‘2,500 ಲೀಟರ್ ತನಕ ಏನೂ ಬೇಕಾಗಿಲ್ರಿ ಅಣ್ಣಾರ, ಕಾಯ್ದೆನ ಐತಿ, ಫೋಟೋ ಕಳಸ್ತೀನಿ. ನಿಮ್ಮ ಕಡೇನ ಮುಧೋಳದಾಗ ಒಬ್ರು ಕಾಕಾ ಒಯ್ದಾರ, ಬೇಕಾದ್ರ ಅವರ್ನ ಕೇಳ್ರಿ’ ಎಂದ.