ರಡ್ಡರ್ ಪೆಡಲ್: ಟೇಲ್‌ವೀಲ್ ಲ್ಯಾಂಡಿಂಗ್ ಕಲಿಯೋರು ತಗೋಬೇಕ್ರಿ

ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಅಂಗಡ್ಯಾಗ ಹೇಳಿ ತರಿಸಿದ ಪೆಡಲ್ ಇವು (ವಿಮಾನದ ಮೂಗು ಎಡಕ್ಕ-ಬಲಕ್ಕ ತಿರುಗಿಸೋ ಕಾಲಿನ ಪೆಡಲ್), ಕಂಪ್ಯೂಟರ್ ಸಿಮ್ಯುಲೇಟರ್‌ನಾಗ ಪೈಪರ್ ಕಬ್ ಅನ್ನೋ ಸಣ್ಣ ಟೇಲ್‌ವೀಲ್ ವಿಮಾನ ಹಾರಿಸೋರಿಗೆ ಬೇಕೇ ಬೇಕ್ರಿ. ಟೇಲ್‌ವೀಲ್ ವಿಮಾನದಾಗ (ಮುಂದ ಎರಡು ದೊಡ್ಡ ಗಾಲಿ, ಬಾಲದ ಕೆಳಗ ಒಂದು ಸಣ್ಣ ಗಾಲಿ ಇರೋದು) ಭಾರದ ಕೇಂದ್ರ ದೊಡ್ಡ ಗಾಲಿಗಿಂತ ಹಿಂದ ಇರ್ತದ, ಅದಕ್ಕ ಜೋರಾಗಿ ನೆಲಕ್ಕ ಬಡದ್ರ ಬಾಲ ಕೆಳಗ ಬೀಳ್ತದ, ಮೂಗು ಏಳ್ತದ, ಲಿಫ್ಟ್ (ರೆಕ್ಕೆ ಮ್ಯಾಲ ಎತ್ತೋ ಬಲ) ಹೆಚ್ಚಾಗಿ ಮತ್ತ ಜಿಗೀತದ, ಗಾಬರಿಯಾಗಿ ಸ್ಟಿಕ್ (ಮೂಗು ಏರಿಸಿ ಇಳಿಸೋ ಹಿಡಿ) ಮುಂದ ಒತ್ತಿದ್ರ ಎರಡನೇ ಏಟು ಇನ್ನೂ ಜೋರು, ಗಾಲಿ ಹಿಡಿದಿರೋ ಗೇರ್ ಮುರಿಬಹುದು ಇಲ್ಲಾ ಪ್ರೊಪೆಲ್ಲರ್ ನೆಲಕ್ಕ ಹತ್ತಬಹುದು. ದೊಡ್ಡ ಜಿಗಿತ ಆದ್ರ ಫುಲ್ ಪವರ್ ಕೊಟ್ಟು ಗೋ-ಅರೌಂಡ್ (ಇಳಿಯೋದು ಬಿಟ್ಟು ಮತ್ತ ಮ್ಯಾಲ ಏರಿ ಸುತ್ತಿ ಬರೋದು) ಮಾಡೋದೇ ಪಾಡು. ಇಳಿದ ಮ್ಯಾಲೂ ಕಾಲು ಸಡ್ಲ ಬಿಡಬ್ಯಾಡ್ರಿ, ಬಾಲ ತಿರುಗಿ ಗ್ರೌಂಡ್ ಲೂಪ್ (ವಿಮಾನ ನೆಲದ ಮ್ಯಾಲೇ ಗಿರ್ರನೆ ತಿರುಗೋದು) ಆಗ್ತದ, ಈ ಪೆಡಲ್ ಬಾಳ ಉಪಯೋಗ ಆಗೋದು ಅಲ್ಲೇ, ಸಣ್ಣ ಒತ್ತಿಗೂ ಸರಿಯಾಗಿ ಕೇಳ್ತಾವ. ಸ್ಪ್ರಿಂಗ್ ಸ್ವಲ್ಪ ಬಿಗಿ. ನಮ್ಮ ಶಾಬಾದ್ ಫರಸಿ ಮ್ಯಾಲ ಜಾರ್ತಾವ, ಕೆಳಗ ರಬ್ಬರ್ ಮ್ಯಾಟ್ ಹಾಕ್ರಿ.