ಟ್ರೆಕ್ಕಿಂಗ್ ಸಾಮಾನಿಗೆ ಪೂರ್ತಿ ದುಡ್ಡು ಮೊದಲೇ ಕೊಡಬೇಡಿ: ನಮ್ಮ ಶಾಲೆಗೆ ಆದದ್ದು ಇಷ್ಟು

ಮಳೆ ನಿಲ್ಲುತ್ತಿದ್ದ ಹಾಗೆ ರಾಣಿಪುರ, ಪೊಸಡಿ ಗುಂಪೆ, ಕುಮಾರ ಪರ್ವತ ಅಂತ ಹೊರಡುವವರು ನಮ್ಮ ಕಾಸರಗೋಡು ಕಡೆ ಜಾಸ್ತಿ. ಟೆಂಟ್, ಬ್ಯಾಗ್, ಶೂ ಬೇಕು ಅಂದ್ರೆ ಎಲ್ಲರೂ ಮಂಗಳೂರು ಬಸ್ಸು ಹತ್ತುತ್ತಾರೆ. ಹತ್ತುವ ಮೊದಲು ಇದನ್ನು ಓದಿ. ಇಂಥ ಅಂಗಡಿಯ ಗಿಫ್ಟ್ ಕಾರ್ಡ್, ವೋಚರ್ ಏನಾದರೂ ಮನೆಯಲ್ಲಿ ಬಿದ್ದಿದ್ದರೆ ಇವತ್ತೇ ಹುಡುಕಿ ತೆಗೆಯಿರಿ. ನಾಳೆಗೆ ಇಡಬೇಡಿ.

ಅಂಗಡಿಯ ಹೆಸರು ಇಲ್ಲಿ ಹಾಕುವುದಿಲ್ಲ. ದೂರು ಕೊಟ್ಟಾಗಿದೆ, ವಿಚಾರಣೆ ಬಾಕಿ ಇದೆ. ಹಲವು ಊರುಗಳಲ್ಲಿ ಶಾಖೆ ಇರುವ, ಬೆಟ್ಟ ಹತ್ತುವವರಿಗೆ ಬೇಕಾದ್ದನ್ನೇ ಮಾರುವ ಅಂಗಡಿ ಅಂದರೆ ಸಾಕು. ಒಂದು ಕಾಲದಲ್ಲಿ ಅಲ್ಲಿ ಒಳ್ಳೆಯ ಸಾಮಾನು ಸಿಗುತ್ತಿತ್ತು. ನನ್ನ ಹಳೆಯ ಬ್ಯಾಗಿನ ಜಿಪ್ ಹಾಳಾದಾಗ ಒಂದು ಪೈಸೆ ಕೇಳದೆ ಹಾಕಿಕೊಟ್ಟವರು ಅವರೇ. ಅದಕ್ಕೇ ಹೊಟ್ಟೆ ಇಷ್ಟು ಉರಿಯುವುದು.

ನಾನು ಬದಿಯಡ್ಕ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಮಾಷ್ಟ್ರು. ಪರಿಸರ ಕ್ಲಬ್ಬಿನ ಕೆಲಸ ನನ್ನದು. ಪ್ರತಿ ವರ್ಷ ಮಕ್ಕಳ ಕ್ಯಾಂಪಿಗೆ ಅವರಿವರ ಟೆಂಟ್ ಬೇಡಿ ತರುವುದು ಸಾಕಾಗಿ, ಈ ಸಲ ನಮ್ಮದೇ ಇರಲಿ ಅಂತ ರಕ್ಷಕರ ಸಭೆಯಲ್ಲಿ ತೀರ್ಮಾನ ಆಯಿತು. ದುಡ್ಡು ಸೇರಿದ್ದು ಹೇಗೆ ಅಂತ ಹೇಳಲೇಬೇಕು. ಬೀಡಿ ಕಟ್ಟಿ ಮಗಳನ್ನು ಓದಿಸುವ ಒಬ್ಬ ಅಕ್ಕ ಎರಡು ಕಂತಿನಲ್ಲಿ ಕೊಟ್ಟರು. ಅಡಿಕೆ ತೋಟದವರು ಸ್ವಲ್ಪ ಜಾಸ್ತಿ ಹಾಕಿದರು. ಹಳೆ ವಿದ್ಯಾರ್ಥಿಯೊಬ್ಬ ದುಬೈಯಿಂದ ಕಳಿಸಿದ. ಎಲ್ಲ ಸೇರಿ 70 ಸಾವಿರಕ್ಕೆ ಸ್ವಲ್ಪ ಕಡಿಮೆ. ದೊಡ್ಡ ಕಂಪನಿಗೆ ಇದು ಲೆಕ್ಕಕ್ಕೇ ಇಲ್ಲ. ನಮಗೆ ದೊಡ್ಡದು.

ಆ ಅಂಗಡಿಯ ಮಂಗಳೂರು ಶಾಖೆಯಲ್ಲಿ ಟೆಂಟ್, ಬ್ಯಾಗ್ ಹೇಳಿದೆವು. ಇಂಥ ದೊಡ್ಡ ಆರ್ಡರಿಗೆ ಸ್ವಲ್ಪ ಅಡ್ವಾನ್ಸ್ ಕೊಡುವುದು, ಸಾಮಾನು ಬಂದ ಮೇಲೆ ಬಾಕಿ ಕೊಡುವುದು ರೂಢಿ. ನಾನು ಹಾಗೇ ಕೇಳಿದೆ. ಮ್ಯಾನೇಜರ್ ಹೇಳಿದ್ದು ಇದು: "ಸರ್, ಶಾಲೆಗೆ ಅಲ್ವಾ, ನಾವೂ ಸಪೋರ್ಟ್ ಮಾಡ್ತೇವೆ. ಇವತ್ತೇ ಫುಲ್ ಪೇಮೆಂಟ್ ಆದ್ರೆ 30 ಪರ್ಸೆಂಟ್ ಬಿಡ್ತೇವೆ. ಹತ್ತು ದಿನದಲ್ಲಿ ಸಾಮಾನು ನಿಮ್ಮ ಶಾಲೆಯ ಬಾಗಿಲಿಗೆ." ಕಾರ್ಡ್ ಮಿಷನ್ ಕೆಟ್ಟಿದೆ, ನೇರ ಬ್ಯಾಂಕ್ ಅಕೌಂಟಿಗೆ ಹಾಕಿ ಅಂದರು. ಹಾಕಿದೆವು. ರಸೀದಿ ಕೊಟ್ಟು ಚಹಾ ಕೊಡಿಸಿದರು.

ಆವತ್ತು ಆ ಮನುಷ್ಯನಿಗೆ ಗೊತ್ತಿತ್ತು. ಇದನ್ನೇ ನಾನು ಮತ್ತೆ ಮತ್ತೆ ಹೇಳುವುದು. ಗೋದಾಮಿನಲ್ಲಿ ಹೊಸ ಸ್ಟಾಕ್ ಇಲ್ಲ ಅಂತ ಗೊತ್ತಿತ್ತು. ಮಾಲು ಕೊಡುವವರು ಹಳೆ ಬಾಕಿ ತೀರಿಸದೆ ಒಂದು ಪೆಟ್ಟಿಗೆಯನ್ನೂ ಕಳಿಸುವುದಿಲ್ಲ ಅಂತ ಕೂತಿದ್ದಾರೆ ಅಂತ ಗೊತ್ತಿತ್ತು. ಗೊತ್ತಿದ್ದೂ ಮಕ್ಕಳ ದುಡ್ಡು ತೆಗೆದುಕೊಂಡರು. ಇದು ನನ್ನ ಊಹೆ ಅಲ್ಲ. ಆಮೇಲೆ ಅದೇ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಪಾರ್ಕಿಂಗಿನಲ್ಲಿ ನಿಂತು ಹೇಳಿದ್ದು. ಅವನಿಗೂ ಸಂಬಳ ಬಂದಿರಲಿಲ್ಲ ಪಾಪ.

ಹತ್ತು ದಿನ ಕಳೆಯಿತು. ಫೋನ್ ಮಾಡಿದರೆ "ಭಿವಂಡಿಯಿಂದ ಹೊರಟಿದೆ ಸರ್". ಮರುವಾರ "ಇನ್ನೇನು ಹೊರಡ್ತದೆ ಸರ್". ಮೊನ್ನೆ ಹೊರಟದ್ದು ಇವತ್ತು ಹೊರಡಲಿಕ್ಕೆ ಬಾಕಿ ಇರುವುದು ಹೇಗೆ? ಕೇಳಿದೆ. "ಸಿಸ್ಟಮ್‌ನಲ್ಲಿ ಹಾಗೆ ತೋರಿಸ್ತಾ ಉಂಟು ಸರ್" ಅಂತ ಉತ್ತರ.

ಗಡಿಯಲ್ಲಿ ಇರುವವರಿಗೆ ಇನ್ನೊಂದು ಕಷ್ಟ ಉಂಟು, ಇದು ನಮ್ಮವರಿಗೆ ಮಾತ್ರ ಅರ್ಥ ಆಗುವುದು. ಕಸ್ಟಮರ್ ಕೇರಿಗೆ ಫೋನ್ ಮಾಡಿ ಪಿನ್‌ಕೋಡ್ ಹೇಳಿದ ಕೂಡಲೇ "ನಿಮ್ಮದು ಕೇರಳ ರೀಜನ್, ಕೊಚ್ಚಿಗೆ ಮಾತಾಡಿ" ಅನ್ನುತ್ತಾರೆ. ಕೊಚ್ಚಿಯವರು ಮಲಯಾಳದಲ್ಲಿ ಎಲ್ಲ ಕೇಳಿಸಿಕೊಂಡು "ಬಿಲ್ ಮಂಗಳೂರಿನದ್ದು, ನೀವು ಕರ್ನಾಟಕದಲ್ಲೇ ಕೇಳಬೇಕು" ಅನ್ನುತ್ತಾರೆ. ಮಂಗಳೂರಿನವರು "ಡೆಲಿವರಿ ಕೇರಳಕ್ಕೆ ಅಲ್ವಾ" ಅನ್ನುತ್ತಾರೆ. ತಲಪಾಡಿ ಗೇಟಿನ ಆಚೆ ಒಬ್ಬರು, ಈಚೆ ಒಬ್ಬರು, ಮಧ್ಯದಲ್ಲಿ ನಾವು. ದುಡ್ಡು ತೆಗೆದುಕೊಳ್ಳುವಾಗ ಯಾವ ರೀಜನ್ ಅಂತ ಒಬ್ಬನೂ ಕೇಳಲಿಲ್ಲ.

ಈ ನಡುವೆ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ, ಬಸ್ ಸ್ಟಾಪಿನಲ್ಲಿ, ದೇವಸ್ಥಾನದ ಅಂಗಳದಲ್ಲಿ ಒಂದೇ ಪ್ರಶ್ನೆ: "ಮಾಷ್ಟ್ರೇ, ಟೆಂಟ್ ಬಂತಾ?" ಯಾರೂ ಚುಚ್ಚಿ ಕೇಳಲಿಲ್ಲ. ಪ್ರೀತಿಯಿಂದಲೇ ಕೇಳಿದ್ದು. ಆದರೆ ಬೇರೆಯವರ ದುಡ್ಡು ಕೈಯಲ್ಲಿ ತೆಗೆದುಕೊಂಡವನಿಗೆ ಆ ಪ್ರಶ್ನೆ ಹೇಗೆ ಕೇಳಿಸುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ರಸೀದಿ ಕಿಸೆಯಲ್ಲಿ ಇಟ್ಟುಕೊಂಡೇ ತಿರುಗಾಡಿದೆ.

ಕೊನೆಗೆ ಸಾಮಾನು ಬಂತು. ಬ್ಯಾಗುಗಳು ಬರಲಿಲ್ಲ, ಟೆಂಟುಗಳು ಮತ್ತು ನಾವು ಮಾಷ್ಟ್ರುಗಳು ಸ್ವಂತ ದುಡ್ಡಿನಲ್ಲಿ ಹೇಳಿದ್ದ ಶೂಗಳು ಮಾತ್ರ. ಮಕ್ಕಳೆಲ್ಲ ಸುತ್ತ ಸೇರಿದರು. ಜಗಲಿಯಲ್ಲಿ ಮೊದಲನೇ ಟೆಂಟ್ ಬಿಚ್ಚಿದೆವು. ಬಿಚ್ಚಿದ ಕೂಡಲೇ ಒಂದು ಹುಳಿ ವಾಸನೆ. ಮೇಲಿನ ಹೊದಿಕೆಯ ಮಡಿಕೆ ಬಿಡಿಸಲಿಕ್ಕೇ ಆಗುವುದಿಲ್ಲ. ಎಳೆದರೆ ಪರಪರ ಸದ್ದು. ಒಳಮೈ ಮುಟ್ಟಿದರೆ ಹಲಸಿನ ಮೇಣದ ಹಾಗೆ ಬೆರಳಿಗೆ ಅಂಟುತ್ತದೆ. ಉಜ್ಜಿದರೆ ತೆಳ್ಳಗಿನ ಪೊರೆ ಎದ್ದು ಬರುತ್ತದೆ. ಆ ಪೊರೆಯೇ ನೀರು ತಡೆಯುವುದು. ಅದು ಹೋದರೆ ಉಳಿಯುವುದು ಬರೀ ಬಟ್ಟೆ. ಚೀಲದ ಮೇಲೆ ಮಾತ್ರ 3000 ಎಂಎಂ ಅಂತ ದೊಡ್ಡದಾಗಿ ಬರೆದಿದೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಒಳಗೆ ಒಸರುವುದಿಲ್ಲ ಎಂಬುದು ಅದರ ಲೆಕ್ಕ. ನಾವು ಒಂದು ಚೊಂಬು ನೀರು ಹೊಯ್ದು ನೋಡಿದೆವು, ಸೋರಿತು.

ತಯಾರಾದ ತಿಂಗಳು ಮತ್ತು ವರ್ಷ ಪ್ಯಾಕಿನ ಮೇಲೆ ಇರಲೇಬೇಕು ಅಂತ ಕಾನೂನು ಉಂಟು. ಹುಡುಕಿದರೆ ಆ ಜಾಗದ ಮೇಲೆ ಬೆಲೆಯ ಸ್ಟಿಕ್ಕರ್. ಅದರ ಕೆಳಗೆ ಇನ್ನೊಂದು ಸ್ಟಿಕ್ಕರ್. ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು ಉಗುರಿನಿಂದ ಮೆಲ್ಲ ಎಬ್ಬಿಸಿದಳು. ನಾಲ್ಕು ವರ್ಷ ಹಳೆಯ ಮಾಲು! ಟೆಂಟಿನ ಒಳಗೆ ಹಚ್ಚುವ ಪಾಲಿಯುರೆಥೇನ್ ಲೇಪ ತೇವದ ಗಾಳಿಗೆ ಮೆಲ್ಲ ಮೆಲ್ಲ ಕೊಳೆಯುತ್ತದೆ. ಟೆಂಟ್ ಬಳಸಬೇಕು ಅಂತಿಲ್ಲ, ಸುಮ್ನೆ ಪೆಟ್ಟಿಗೆಯಲ್ಲಿ ಇದ್ದರೂ ಕೊಳೆಯುತ್ತದೆ. ಶೂವಿನ ಅಟ್ಟೆಯ ಒಳಗಿನ ಮೆತ್ತನೆ ಪದರವೂ ಎಷ್ಟೋ ಶೂಗಳಲ್ಲಿ ಅದೇ ವಸ್ತು. ನನ್ನ ಸಹೋದ್ಯೋಗಿಯ ಹೊಸ ಶೂವಿನ ಅಟ್ಟೆ ಶಾಲೆಯ ಮುರಕಲ್ಲಿನ ಮೆಟ್ಟಿಲಲ್ಲೇ ಬಾಯಿ ಬಿಟ್ಟಿತು. ಬೆಟ್ಟದ ಬುಡವನ್ನೂ ಅದು ನೋಡಲಿಲ್ಲ.

ವಿಡಿಯೋ ಮಾಡಿ ಕಳಿಸಿದೆವು. ಬಂದ ಉತ್ತರ ಓದಿ: "ಸರ್, ನಿಮ್ಮ ಏರಿಯಾದಲ್ಲಿ ಹ್ಯುಮಿಡಿಟಿ ಜಾಸ್ತಿ. ಸರಿಯಾಗಿ ಒಣಗಿಸಿ ಇಟ್ಟಿಲ್ಲ." ಪೆಟ್ಟಿಗೆ ಒಡೆದು ಒಂದು ಗಂಟೆ ಆಗಿರಲಿಲ್ಲ! ಒಡೆಯುವಾಗಲೇ ತೆಗೆದ ವಿಡಿಯೋ ಅದು. ಅದನ್ನು ಹೇಳಿದ ಮೇಲೆ "ಟೀಮಿಗೆ ಕಳಿಸಿದ್ದೇವೆ". ಯಾವ ಟೀಮು ಅಂತ ಇವತ್ತಿನವರೆಗೂ ಗೊತ್ತಿಲ್ಲ. ಎಲ್ಲವನ್ನೂ ಜೀಪಿನಲ್ಲಿ ಹೇರಿಕೊಂಡು ಹೋಗಿ ಅಂಗಡಿಗೇ ವಾಪಸ್ ಹಾಕಿದೆವು.

ದುಡ್ಡು ವಾಪಸ್ ಬರುತ್ತದೆ ಅಂದರು. ಬಂದದ್ದು ಒಂದು ಮೆಸೇಜು. "ನಿಮ್ಮ ರೀಫಂಡ್ ಯಶಸ್ವಿಯಾಗಿದೆ" ಅಂತ. ಬ್ಯಾಂಕಿನಲ್ಲಿ ನೋಡಿದರೆ ಏನೂ ಇಲ್ಲ. ಫೋನ್ ಮಾಡಿದರೆ "ಸ್ಟೋರ್ ಕ್ರೆಡಿಟ್ ಆಗಿ ಹಾಕಿದ್ದೇವೆ ಸರ್, 90 ದಿನದ ಒಳಗೆ ಏನು ಬೇಕಾದ್ರೂ ತಗೊಳ್ಳಿ". ಅಂದರೆ ದುಡ್ಡು ಕೈಗೆ ಸಿಗುವುದಿಲ್ಲ, ಅವರ ಅಂಗಡಿಯಲ್ಲೇ ಸಾಮಾನು ತೆಗೆದು ತೀರಿಸಿಕೊಳ್ಳಬೇಕು. ನಾವು ಕ್ರೆಡಿಟ್ ಕೇಳಿದ್ದಾ? ಯಾರನ್ನು ಕೇಳಿ ಹಾಕಿದರು?

ಸರಿ, ಇರುವುದನ್ನಾದರೂ ತರುವ ಅಂತ ಹೋದೆ. ಅಂಗಡಿಯ ಒಳಗೆ ಅರ್ಧ ಲೈಟು ಆರಿಸಿದ್ದಾರೆ. ಮೊದಲು ಬ್ಯಾಗುಗಳು ತುಂಬಿ ನೇತಾಡುತ್ತಿದ್ದ ಗೋಡೆಯಲ್ಲಿ ಈಗ ನೀರಿನ ಬಾಟಲಿಗಳನ್ನು ದೂರ ದೂರ ಇಟ್ಟು ಜಾಗ ತುಂಬಿಸಿದ್ದಾರೆ. ಟೊಪ್ಪಿ ಉಂಟು, ಕಾಲುಚೀಲ ಉಂಟು, ಕೀ ಚೈನ್ ಉಂಟು. ಟೆಂಟ್ ಇಲ್ಲ. ಮಕ್ಕಳ ಅಳತೆಗೆ ಸರಿಯಾಗುವ ಮಳೆ ಜಾಕೆಟ್ ಒಂದಷ್ಟು ಇತ್ತು. ಇರಲಿ, ಅದಾದರೂ ಆಗಲಿ ಅಂತ ಎತ್ತಿಕೊಂಡು ಕೌಂಟರಿಗೆ ಬಂದೆ. ಬಿಲ್ ಹಾಕುವವಳು ನಂಬರ್ ಒತ್ತಿ ನೋಡಿ ಹೇಳಿದಳು: "ಸರ್, ಆಫರ್ ಐಟಮಿಗೆ ಕ್ರೆಡಿಟ್ ನಡೆಯುವುದಿಲ್ಲ." ಆಫರ್ ಇಲ್ಲದ ಐಟಂ ಯಾವುದು ಅಂತ ಕೇಳಿದೆ. ಅವಳು ಒಮ್ಮೆ ಅಂಗಡಿ ಇಡೀ ನೋಡಿದಳು. "ಈಗ ಎಲ್ಲ ಆಫರಿನಲ್ಲೇ ಉಂಟು ಸರ್" ಅಂದಳು.

ಕಾಲ ಕೆಳಗಿನ ನೆಲ ಜಾರಿದ್ದು ಆಗ. ಕ್ರೆಡಿಟ್ ಉಂಟು, ಆದರೆ ಅದು ನಡೆಯುವ ಒಂದೇ ಒಂದು ವಸ್ತು ಅಂಗಡಿಯಲ್ಲಿ ಇಲ್ಲ. ಹಾಗಾದರೆ ಕೊಟ್ಟದ್ದು ಯಾಕೆ? ನಮ್ಮ ಬಾಯಿ ಮುಚ್ಚಿಸಲಿಕ್ಕೆ. 90 ದಿನ ಕಳೆಯಲಿಕ್ಕೆ. ನನ್ನ ಹಿಂದೆ ನಿಂತಿದ್ದ ಒಬ್ಬರು ಅದೇ ಜಾಕೆಟಿಗೆ ನಗದು ಎಣಿಸಿ ಕೊಟ್ಟು ತೆಗೆದುಕೊಂಡು ಹೋದರು. ನಾನು ಕೈ ಬೀಸಿಕೊಂಡು ಹೊರಗೆ ಬಂದೆ. ಅವಮಾನ ಅಂದ್ರೆ ಅವಮಾನ ಮಾರಾಯ್ರೆ.

ಆಮೇಲೆ ಗೊತ್ತಿದ್ದವರನ್ನೆಲ್ಲ ವಿಚಾರಿಸಿದೆ. ಪುತ್ತೂರಿನ ಗೆಳೆಯನಿಗೆ ಗಿಫ್ಟ್ ಕಾರ್ಡಿನ ಕಥೆ, ಕಾಞಂಗಾಡಿನ ಬೈಕ್ ಓಡಿಸುವವರಿಗೆ ಜಾಕೆಟಿನ ಅಡ್ವಾನ್ಸ್ ಕಥೆ. ಎಲ್ಲರದೂ ಒಂದೇ ದಾರಿ. "ನಮಗೆ ಹಾಗೆ ಆಗಿಲ್ಲ, ಒಳ್ಳೆಯ ಅಂಗಡಿ, ಸುಮ್ನೆ ಹೆಸರು ಕೆಡಿಸಬೇಡಿ" ಅಂದವರೂ ಇದ್ದಾರೆ. ನಂಬುತ್ತೇನೆ. ಅವರು ಕೌಂಟರಿನಲ್ಲಿ ದುಡ್ಡು ಕೊಟ್ಟು ಕೈಯಲ್ಲಿ ಸಾಮಾನು ಹಿಡಿದುಕೊಂಡು ಬಂದವರು. ದುಡ್ಡು ಮೊದಲು ಕೊಟ್ಟು ಸಾಮಾನಿಗೆ ಕಾದವರನ್ನು ಕೇಳಿ ನೋಡಿ.

ಈ ವ್ಯಾಪಾರವೇ ಹಾಗೆ ಅಂತ ಈಗ ಅರ್ಥ ಆಗಿದೆ. ಮಳೆಯ ಸಾಮಾನನ್ನು ಮಳೆಗೆ ಎಷ್ಟೋ ತಿಂಗಳ ಮೊದಲೇ ಸಾಲ ಮಾಡಿ ತುಂಬಿಸಬೇಕು. ಕೊರೊನಾ ಕಾಲದಲ್ಲಿ ಜನ ಬೆಟ್ಟ, ಸೈಕಲ್ ಅಂತ ಮುಗಿಬಿದ್ದಾಗ ಜಗತ್ತಿನ ಎಷ್ಟೋ ಅಂಗಡಿಗಳು ಬೇಕಾದ್ದಕ್ಕಿಂತ ಜಾಸ್ತಿ ತುಂಬಿಸಿಕೊಂಡವು. ಜನ ಕಡಿಮೆಯಾದರು, ಮಾಲು ಉಳಿಯಿತು, ಅರ್ಧ ಬೆಲೆಗೆ ಮಾರಬೇಕಾಯಿತು. ಅದಕ್ಕೂ ಮೊದಲೇ ದೊಡ್ಡ ದೊಡ್ಡವರು ಬಿದ್ದದ್ದೂ ಉಂಟು. ಕೆನಡಾದಲ್ಲಿ ಮೌಂಟನ್ ಇಕ್ವಿಪ್‌ಮೆಂಟ್ ಕೋ-ಆಪ್ ಅಂತ ಇತ್ತು. 1971ರಲ್ಲಿ ಶುರುವಾದದ್ದು, 5 ಡಾಲರ್ ಕೊಟ್ಟರೆ ಯಾರು ಬೇಕಾದರೂ ಸದಸ್ಯರು. ನಮ್ಮ ಸಹಕಾರಿ ಸಂಘಗಳ ಹಾಗೆ ಸದಸ್ಯರದ್ದೇ ಅಂಗಡಿ. 2020ರಲ್ಲಿ ಸಾಲದವರಿಂದ ರಕ್ಷಣೆ ಕೊಡಿ ಅಂತ ಕೋರ್ಟಿಗೆ ಹೋಗಿ, ಸದಸ್ಯರ ಮತವನ್ನೂ ಕೇಳದೆ ಅಮೆರಿಕದ ಹೂಡಿಕೆ ಕಂಪನಿಗೆ ಮಾರಾಟ ಆಯಿತು. ಸದಸ್ಯರು ಎಷ್ಟು ಕೂಗಿದರೂ ನಡೆಯಲಿಲ್ಲ. ಅಮೆರಿಕದ ಸ್ಪೋರ್ಟ್ಸ್ ಅಥಾರಿಟಿ 2016ರಲ್ಲಿ ದಿವಾಳಿಯಾಗಿ 450ಕ್ಕೂ ಹೆಚ್ಚು ಅಂಗಡಿಗಳು ಮುಚ್ಚಿದವು.

ನಷ್ಟ ಆಗುವುದು ಪಾಪ ಅಲ್ಲ. ನಮ್ಮೂರಲ್ಲೂ ಎಷ್ಟೋ ಅಂಗಡಿಯವರು ನಷ್ಟ ಮಾಡಿಕೊಂಡಿದ್ದಾರೆ, ಮುಖ ನೋಡಿ ಹೇಳಿದ್ದಾರೆ, ನಿಧಾನಕ್ಕೆ ತೀರಿಸಿದ್ದಾರೆ. ಇವರು ಹೇಳಲಿಲ್ಲ. ಬ್ಯಾಂಕು ಕೊಡದ ಸಾಲವನ್ನು ಬಡ್ಡಿ ಇಲ್ಲದೆ ನಮ್ಮ ಮಕ್ಕಳ ಹತ್ತಿರ ತೆಗೆದುಕೊಂಡರು. ಅದಕ್ಕೆ ಡಿಸ್ಕೌಂಟ್ ಅಂತ ಹೆಸರಿಟ್ಟರು.

ಕಂಪನಿ ನಿಜವಾಗಿ ದಿವಾಳಿ ಆದರೆ ನಮ್ಮ ಗತಿ ಏನು ಅಂತ ವಕೀಲರೊಬ್ಬರನ್ನು ಕೇಳಿದೆ. 2016ರ ದಿವಾಳಿ ಕಾನೂನಿನಲ್ಲಿ ಕಂಪನಿಯ ಆಸ್ತಿ ಮಾರಿದ ದುಡ್ಡಿಗೆ ಸಾಲು ಉಂಟು. ಮೊದಲು ಪ್ರಕ್ರಿಯೆಯ ಖರ್ಚು, ಆಮೇಲೆ ಅಡಮಾನ ಇಟ್ಟುಕೊಂಡ ಬ್ಯಾಂಕು ಮತ್ತು ಕಾರ್ಮಿಕರ ಬಾಕಿ, ಆಮೇಲೆ ಬೇರೆ ನೌಕರರು, ಬೇರೆ ಸಾಲ ಕೊಟ್ಟವರು, ಸರ್ಕಾರದ ಬಾಕಿ. ವೋಚರ್ ಹಿಡಿದು ನಿಂತವರು ಅದರ ನಂತರದ ಉಳಿದ ಬಾಕಿಯಲ್ಲಿ. ಪ್ರಕ್ರಿಯೆ ಶುರುವಾದರೆ ನಾವು ಹಾಕಿದ ಕೇಸೂ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ತಡ ಮಾಡಬೇಡಿ ಅನ್ನುವುದು.

ನಾನು ಹೇಳುವುದು ಇಷ್ಟೇ. ಇಂಥ ಅಂಗಡಿಗೆ ಅಡ್ವಾನ್ಸ್ ಕೊಡಬೇಡಿ. ಕೊಡಲೇಬೇಕಾದರೆ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ, ಸಾಮಾನು ಬಾರದಿದ್ದರೆ ಬ್ಯಾಂಕಿನಲ್ಲಿ ತಕರಾರು ಹಾಕಬಹುದು. ಕಾರ್ಡ್ ಮಿಷನ್ ಕೆಟ್ಟಿದೆ ಅಂದರೆ ಎದ್ದು ಬನ್ನಿ. ಸ್ಟೋರ್ ಕ್ರೆಡಿಟ್ ಬೇಡ, ದುಡ್ಡೇ ಬೇಕು ಅಂತ ಬರೆದು ಕಳಿಸಿ, ಬಾಯಿಮಾತು ಬೇಡ. ಟೆಂಟ್ ಆದರೆ ಅಂಗಡಿಯಲ್ಲೇ ಬಿಚ್ಚಿ ಒಳಮೈ ಮುಟ್ಟಿ ನೋಡಿ, ಸ್ಟಿಕ್ಕರ್ ಎಬ್ಬಿಸಿ ವರ್ಷ ನೋಡಿ. ಬೈಯುತ್ತಾರಾ? ಬೈಯಲಿ.

ಗಡಿಯ ನೆಪ ಹೇಳಿದರೆ ಕೇಳಬೇಡಿ. 2019ರ ಗ್ರಾಹಕ ಕಾನೂನಿನ ಪ್ರಕಾರ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂಗಡಿ ಮಂಗಳೂರಿನಲ್ಲಿದ್ದರೂ ಸರಿ, ಮುಂಬೈಯಲ್ಲಿದ್ದರೂ ಸರಿ. ಕಾಸರಗೋಡಿನಲ್ಲೇ ಜಿಲ್ಲಾ ಗ್ರಾಹಕ ಆಯೋಗ ಉಂಟು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಫೀಸೂ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ನಾವು ಫೋನ್ ಮಾಡಿದ ಮೇಲೇ ಅಂಗಡಿಯ ಧ್ವನಿ ಮೆತ್ತಗಾದದ್ದು. "ಸರ್, ದೂರು ವಾಪಸ್ ತಗೊಂಡ್ರೆ ಅರ್ಧ ದುಡ್ಡು ಕೂಡಲೇ ಹಾಕ್ತೇವೆ" ಅಂದರು. ಅರ್ಧ! ಬೀಡಿ ಕಟ್ಟುವ ಅಕ್ಕನಿಗೆ ಯಾವ ಕಂತು ವಾಪಸ್ ಕೊಡಲಿ, ಮೊದಲನೆಯದ್ದಾ ಎರಡನೆಯದ್ದಾ? ಆಗುವುದಿಲ್ಲ ಅಂದೆವು.

ಕ್ಯಾಂಪ್ ನಿಲ್ಲಿಸಲಿಲ್ಲ. ತೋಟದವರು ಅಡಿಕೆ ಒಣಗಿಸುವ ಜಾಗಕ್ಕೆ ಹಾಕುವ ಟಾರ್ಪಾಲ್ ಕೊಟ್ಟರು, ಬಿದಿರು ಕಟ್ಟಿ ಮಾಡಿದೆವು. ಅದು ಬೇರೆ ಮಾತು.

ಇದೇ ಥರ ಮೋಸ ಹೋದವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ ಅಂತ ನನಗೆ ಖಾತ್ರಿ ಉಂಟು. ನಾಚಿಕೆಯಿಂದ ಸುಮ್ಮನೆ ಕೂತಿದ್ದಾರೆ. ಕೂರಬೇಡಿ. ಒಂದೇ ಅಂಗಡಿಯಿಂದ ಒಂದೇ ಥರ ತೊಂದರೆ ಆದವರು ಆಯೋಗದ ಒಪ್ಪಿಗೆ ಪಡೆದು ಒಟ್ಟಿಗೆ ದೂರು ಕೊಡಲಿಕ್ಕೂ ಅವಕಾಶ ಉಂಟು. ಬಿಲ್, ರಸೀದಿ, ಬ್ಯಾಂಕಿನ ಎಂಟ್ರಿ, ಅವರು ಕಳಿಸಿದ ಒಂದೊಂದು ಮೆಸೇಜೂ ತೆಗೆದಿಡಿ. ವೋಚರಿನ ತಾರೀಕು ಮುಗಿದಿದ್ದರೂ ಬಿಸಾಡಬೇಡಿ, ಅದೂ ಸಾಕ್ಷಿಯೇ.