ಸುಮ್ಮನೆ ಬಿಟ್ಟರೆ ಕೆಡುವ ಯಂತ್ರ: ಇಂಕ್ ಟ್ಯಾಂಕ್ ಪ್ರಿಂಟರ್ ಜೊತೆ ಆರು ವರ್ಷ

ಶಾಯಿಯನ್ನು ತೊಟ್ಟಿಯಲ್ಲಿ ತುಂಬಿಸಿಡುವ ಈ ಇಂಕ್ ಟ್ಯಾಂಕ್ ಪ್ರಿಂಟರ್ ಕೊಳ್ಳುವಾಗ ನನಗೆ ಯಾರೂ ಹೇಳದೆ ಹೋದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟು ದುಡಿಸಿದರೂ ಇದಕ್ಕೆ ಏನೂ ಆಗುವುದಿಲ್ಲ. ಸುಮ್ಮನೆ ಬಿಟ್ಟರೆ ಕೆಡುತ್ತದೆ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಹೊಲಿಗೆ ಯಂತ್ರ ಯಾವುದೇ ಇರಲಿ, ಒರೆಸಿ ಬಟ್ಟೆ ಮುಚ್ಚಿಟ್ಟರೆ ಬಾಳಿಕೆ ಬರುತ್ತದೆ ಎಂದು ನಂಬಿದ ಮನೆ ನಮ್ಮದು. ಇದನ್ನೂ ಹಾಗೆಯೇ ಜೋಪಾನ ಮಾಡಿದೆವು. ಆ ಜೋಪಾನದಿಂದಲೇ ಕಷ್ಟಪಟ್ಟೆವು.

ಕೊಂಡದ್ದು 2019ರ ಜೂನ್‌ನಲ್ಲಿ, ಕೋಲಾರದ ಒಂದು ಅಂಗಡಿಯಲ್ಲಿ, 11,500 ರೂಪಾಯಿಗೆ. ಕಂಪನಿಯ ಹೆಸರು ಇಲ್ಲಿ ಬೇಡ. ನಾನು ಹೇಳಲಿರುವ ತೊಂದರೆ ಶಾಯಿ ಸಿಂಪಡಿಸಿ ಮುದ್ರಿಸುವ ಯಂತ್ರಗಳಿಗೆಲ್ಲ ಇರುವಂಥದ್ದು. ವೇಮಗಲ್ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಒಂದು ಕಿರುಪರೀಕ್ಷೆ ಎಂದರೆ 34 ಮಕ್ಕಳಿಗೆ ಮೂರು ಮೂರು ಹಾಳೆ. ಜೆರಾಕ್ಸ್ ಅಂಗಡಿಯಲ್ಲಿ ಹಾಳೆಗೆ ಎರಡು ರೂಪಾಯಿಯಂತೆ 204 ರೂಪಾಯಿ ನನ್ನ ಕೈಯಿಂದಲೇ ಹೋಗುತ್ತಿತ್ತು. ಮನೆಯಲ್ಲಿ ಮುದ್ರಿಸಿದರೆ ಕಾಗದ, ಕಪ್ಪು ಶಾಯಿ ಎರಡೂ ಸೇರಿ ಹಾಳೆಗೆ 65 ಪೈಸೆಯ ಆಸುಪಾಸು ಬೀಳುತ್ತಿತ್ತು. ಅಷ್ಟು ಲೆಕ್ಕ ಹಾಕಿಯೇ ತಂದೆ. ನನಗೆ ಬೇಕಿದ್ದದ್ದು ಕಪ್ಪು ಬಣ್ಣ ಮಾತ್ರ. ಉಳಿದ ಮೂರು ಬಣ್ಣ ಜೊತೆಗೆ ಬಂದವು, ಅಷ್ಟೇ.

ಮೊದಲ ಒಂಬತ್ತು ತಿಂಗಳು ಒಂದು ದೂರೂ ಇರಲಿಲ್ಲ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಪ್ರಿಂಟರ್ ಮೇಲೆ ಹಳೆಯ ಪಂಚೆ ಮುಚ್ಚಿಟ್ಟೆವು. ಆಗಸ್ಟ್‌ನಲ್ಲಿ ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ಸರ್ಕಾರದ ವಿದ್ಯಾಗಮ ಕಾರ್ಯಕ್ರಮ ಶುರುವಾಗಿ, ದೇವಸ್ಥಾನದ ಜಗಲಿಯ ಮೇಲೆ, ಮರದ ನೆರಳಿನಲ್ಲಿ ಪಾಠ ಮಾಡಲು ಹೊರಟಾಗ ಅಭ್ಯಾಸ ಹಾಳೆಗಳು ಬೇಕಾದವು. ಪಂಚೆ ತೆಗೆದು ಮೊದಲ ಹಾಳೆ ಮುದ್ರಿಸಿದೆ. ಪ್ರತಿ ಸಾಲಿನ ನಡುವೆಯೂ ಕೂದಲೆಳೆಯಂಥ ಬಿಳಿ ಗೆರೆ. ಒತ್ತಕ್ಷರಗಳ ಸೊಂಟವೇ ಮಾಯ. ‘ಅಕ್ಕ’ ಎಂದು ಬರೆದದ್ದು ‘ಅಕ’ ಎಂದು ಓದಿಸಿಕೊಳ್ಳುತ್ತಿತ್ತು. ಅಕ್ಷರ ಕಲಿಯುವ ಮಕ್ಕಳ ಕೈಗೆ ಅಂಥ ಹಾಳೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಕಂಪ್ಯೂಟರ್ ತಾನೇ ದಾರಿ ತೋರಿಸಿತು: ಹೆಡ್ ಕ್ಲೀನಿಂಗ್. ಹೆಡ್ ಎಂದರೆ ಸಣ್ಣ ರಂಧ್ರಗಳಿಂದ ಕಾಗದದ ಮೇಲೆ ಶಾಯಿ ಸಿಂಪಡಿಸುವ ಭಾಗ. ಗುಂಡಿ ಒತ್ತಿದರೆ ಒಳಗೆ ಒಂದು ನಿಮಿಷ ಗಿರಗುಟ್ಟುವ ಸದ್ದು, ಆಮೇಲೆ ಪರೀಕ್ಷೆಯ ಹಾಳೆಯೊಂದು ಹೊರಬರುತ್ತದೆ. ನಾಲ್ಕು ಬಣ್ಣಗಳಲ್ಲಿ ಪುಟ್ಟ ಪುಟ್ಟ ಗೆರೆಗಳ ಮೆಟ್ಟಿಲು. ಯಾವ ಮೆಟ್ಟಿಲು ಮುರಿದಿದೆಯೋ ಆ ಬಣ್ಣದ ರಂಧ್ರ ಕಟ್ಟಿದೆ ಎಂದರ್ಥ. ಹಳದಿ ಬಿಳಿ ಹಾಳೆಯ ಮೇಲೆ ಕಣ್ಣಿಗೆ ಸಿಕ್ಕುವುದೇ ಇಲ್ಲ. ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಒಮ್ಮೆ ಒತ್ತಿದೆ, ಸರಿಹೋಗಲಿಲ್ಲ. ಎರಡು, ಮೂರು, ಐದು ಸಲ ಒತ್ತಿದೆ. ಕಪ್ಪು ಬಂತು. ಬೆನ್ನಲ್ಲೇ ಇನ್ನೊಂದು ಕಣ್ಣಿಗೆ ಬಿತ್ತು: ತೊಟ್ಟಿಯಲ್ಲಿ ಮೂರು ಬಣ್ಣಗಳ ಮಟ್ಟವೂ ಬೆರಳಗಲ ಇಳಿದಿತ್ತು. ಬಣ್ಣದ ಒಂದು ಪುಟವನ್ನೂ ನಾನು ಮುದ್ರಿಸಿರಲಿಲ್ಲ. ದುಡ್ಡು ಕೊಟ್ಟು ತಂದ ಶಾಯಿ ಹೋದದ್ದಾದರೂ ಎಲ್ಲಿಗೆ?

ಉತ್ತರ ಸಿಕ್ಕಿದ್ದು 2022ರ ಮಾರ್ಚ್‌ನಲ್ಲಿ, ವಾರ್ಷಿಕ ಪರೀಕ್ಷೆಯ ಹಿಂದಿನ ರಾತ್ರಿ. ಎರಡು ಕೆಂಪು ದೀಪಗಳು ಸರದಿಯಂತೆ ಮಿನುಗತೊಡಗಿದವು. ಶಾಯಿ ಹೀರುವ ಪ್ಯಾಡಿನ ಆಯುಸ್ಸು ಮುಗಿದಿದೆ, ಸರ್ವಿಸ್ ಬೇಕು ಎಂದು ಪರದೆ ಹೇಳಿತು. ತೊಟ್ಟಿಯಲ್ಲಿ ಶಾಯಿ ಇದೆ, ಕಾಗದ ಇದೆ, ಹೆಡ್ ಸರಿಯಾಗಿದೆ. ಆದರೂ ಯಂತ್ರ ಒಂದು ಅಕ್ಷರ ಮುದ್ರಿಸಲು ಒಪ್ಪಲಿಲ್ಲ. ಅಂದು ನನಗೆ ಬಂದ ಸಿಟ್ಟು ಇಂದಿಗೂ ನೆನಪಿದೆ. ಬೆಳಿಗ್ಗೆ ಆರಕ್ಕೇ ಜೆರಾಕ್ಸ್ ಅಂಗಡಿಯವರ ಮನೆಯ ಬಾಗಿಲು ತಟ್ಟಿ ಎಬ್ಬಿಸಿದೆ. ಕಂಪನಿಯ ಸಹಾಯವಾಣಿಗೆ ಕರೆ ಮಾಡಿದರೆ ಯಂತ್ರವನ್ನು ಬೆಂಗಳೂರಿಗೆ ತನ್ನಿ ಎಂದರು. ಏಳು ಕಿಲೋದ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿಬರುವ ಮಾತೇ ಅದು?

ಕೊನೆಗೆ ಊರಿನಲ್ಲೇ ಒಬ್ಬ ರಿಪೇರಿಯವರು ಸಿಕ್ಕರು. ಅವರು ಯಂತ್ರದ ಹಿಂಬದಿಯ ಮುಚ್ಚಳ ಬಿಚ್ಚಿ, ಇಕ್ಕಳದಲ್ಲಿ ಒಂದು ಬಟ್ಟೆಯ ಪಟ್ಟಿಯನ್ನು ಹಿಡಿದು ಎತ್ತಿದರು. ಎಣ್ಣೆಯಲ್ಲಿ ಅದ್ದಿದ ಬತ್ತಿಯಂತೆ ತೊಯ್ದು ತೂಗುತ್ತಿತ್ತು, ಅಂಚಿನಲ್ಲಿ ನೀಲಿ, ನಡುವೆ ಕಡುಗಪ್ಪು. ಹೆಡ್ ಕ್ಲೀನಿಂಗ್ ಎಂದರೆ ಕಟ್ಟಿದ ರಂಧ್ರದ ಮೂಲಕ ಶಾಯಿಯನ್ನು ಎಳೆದು ಹೊರಹಾಕುವುದು. ಹಾಗೆ ಹೊರಬಿದ್ದದ್ದೆಲ್ಲ ಈ ಪಟ್ಟಿ ಸೇರುತ್ತದೆ. ಪಟ್ಟಿ ನಿಜವಾಗಿ ತುಂಬಿದೆಯೇ ಎಂದು ಯಂತ್ರ ಮುಟ್ಟಿ ನೋಡುವುದಿಲ್ಲ. ಎಷ್ಟು ಸಲ ಶುಚಿ ಮಾಡಿದೆ, ಎಷ್ಟು ಶಾಯಿ ಹೋಗಿರಬಹುದು ಎಂದು ಅಂದಾಜಿನಲ್ಲಿ ಎಣಿಸುತ್ತ ಹೋಗುತ್ತದೆ. ಲೆಕ್ಕ ತುಂಬಿದ ದಿನ ಬೀಗ ಹಾಕಿಕೊಳ್ಳುತ್ತದೆ. ಶಾಯಿ ತುಂಬಿ ಹೊರಗೆ ಚೆಲ್ಲದಿರಲಿ ಎಂಬ ಎಚ್ಚರಿಕೆ ಅದು, ಒಪ್ಪುತ್ತೇನೆ. ಆದರೆ ತಿಂಗಳ ಮೊದಲೇ ಒಂದು ಸೂಚನೆ ಪರದೆಯ ಮೇಲೆ ದೊಡ್ಡದಾಗಿ ಬಂದಿದ್ದರೆ ನನ್ನ ಆ ರಾತ್ರಿ ಉಳಿಯುತ್ತಿತ್ತು. ಹೊಸ ಪಟ್ಟಿ ಹಾಕಿ, ಎಣಿಕೆಯನ್ನು ಸೊನ್ನೆಗೆ ತರಲು ಅವರು 600 ರೂಪಾಯಿ ತೆಗೆದುಕೊಂಡರು.

ಮುಚ್ಚಳ ಹಾಕುವ ಮುನ್ನ ಅವರು ಕೇಳಿದ ಪ್ರಶ್ನೆಗೆ ನಾನು 600ಕ್ಕಿಂತ ಹೆಚ್ಚು ಕೊಡುತ್ತಿದ್ದೆ. “ರಾತ್ರಿ ಇದನ್ನು ಹೇಗೆ ಆರಿಸುತ್ತೀರಿ?”

ಗೋಡೆಯ ಸ್ವಿಚ್ ಆರಿಸುತ್ತೇವೆ ಎಂದೆ. ನಮ್ಮ ಅಮ್ಮ ಮಲಗುವ ಮೊದಲು ಮನೆಯ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಆರಿಸಿ ಬರುತ್ತಾರೆ. ಸಿಡಿಲಿಗೆ ಟಿ.ವಿ. ಸುಟ್ಟುಹೋದ ವರ್ಷದಿಂದ ಬಂದ ರೂಢಿ. ರಿಪೇರಿಯವರು ತಲೆಯಾಡಿಸಿ, ಯಂತ್ರದ ಬಲತುದಿಯಲ್ಲಿ ಒಂದು ಪುಟ್ಟ ರಬ್ಬರ್ ತೊಟ್ಟಿ ತೋರಿಸಿದರು. ಬೆಂಕಿಪೊಟ್ಟಣದ ಅರ್ಧದಷ್ಟಿರಬಹುದು, ಸುತ್ತ ಮೆತ್ತನೆಯ ಅಂಚು. “ಹೆಡ್ಡಿನ ಮನೆ ಇದು. ಪ್ರಿಂಟರಿನ ಗುಂಡಿಯನ್ನೇ ಒತ್ತಿ ಆರಿಸಿದರೆ ಹೆಡ್ಡು ಇಲ್ಲಿಗೆ ಬಂದು ಬಾಯಿ ಮುಚ್ಚಿ ಕೂರುತ್ತದೆ. ಕೆಲಸದ ನಡುವೆ ಗೋಡೆಯಲ್ಲಿ ಆರಿಸಿದರೆ ನಿಂತಲ್ಲೇ ನಿಲ್ಲುತ್ತದೆ. ರಾತ್ರಿಯಿಡೀ ಬಾಯಿ ತೆರೆದು ಮಲಗಿದರೆ ಗಂಟಲು ಒಣಗುವುದಿಲ್ಲವೇ?” ಕೋಲಾರದ ಬೇಸಿಗೆಯ ಒಣಹವೆಯಲ್ಲಿ ಬೇಗ ಗಟ್ಟಿಯಾಗುತ್ತದೆ ಎಂದೂ ಹೇಳಿದರು. ಮುದ್ರಣದ ನಡುವೆ ಕರೆಂಟ್ ಹೋದರೂ ಅದೇ ಕಥೆ. ಬಂದ ಕೂಡಲೇ ಗುಂಡಿ ಒತ್ತಿ ಹೊತ್ತಿಸಿ, ಹೆಡ್ ಮನೆ ಸೇರಿದ ಮೇಲೆ ಮತ್ತೆ ಗುಂಡಿಯಿಂದಲೇ ಆರಿಸಬೇಕು. ಇನ್ನೊಂದು: ಕ್ಲೀನಿಂಗ್ ಎರಡು ಮೂರು ಸಲಕ್ಕೆ ಫಲ ಕೊಡದಿದ್ದರೆ ಒತ್ತುತ್ತಲೇ ಇರಬಾರದು. ಹನ್ನೆರಡು ಗಂಟೆ ಬಿಟ್ಟು ನೋಡಬೇಕು. ಕೊಳವೆಯಲ್ಲಿ ಸಿಕ್ಕಿದ ಗಾಳಿಗುಳ್ಳೆ ತಾನೇ ಕರಗಿ ಹೋಗಿರುತ್ತದೆ. ಐದು ಸಲ ಒತ್ತಿದ ನನ್ನ ಆತುರವೇ ಆ ಪಟ್ಟಿಯನ್ನು ಬೇಗ ತುಂಬಿಸಿತ್ತು. ಇದೆಲ್ಲ ಡಬ್ಬದ ಜೊತೆ ಬಂದ ಕೈಪಿಡಿಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಇತ್ತು. ಮನೆಗೆ ಬಂದು ಹುಡುಕಿ ಓದಿದೆ.

ಪ್ರಿಂಟರಿನ ಪ್ಲಗ್ ಮೇಲೆ ‘ಇದನ್ನು ಆರಿಸಬೇಡಿ ಅಮ್ಮ’ ಎಂದು ಚೀಟಿ ಅಂಟಿಸಿದೆವು. ಜೊತೆಗೆ ರಿಪೇರಿಯವರು ಹೇಳಿದ ಇನ್ನೊಂದು ಔಷಧ: ವಾರಕ್ಕೊಮ್ಮೆ ನಾಲ್ಕೂ ಬಣ್ಣ ಬಳಸುವ ಒಂದು ಹಾಳೆ ಮುದ್ರಿಸುವುದು. ಕೆಲಸವಿರಲಿ, ಇಲ್ಲದಿರಲಿ.

ಸುಮ್ಮನೆ ಹಾಳೆ ಹಾಳುಮಾಡಲು ಮನಸ್ಸು ಬರಲಿಲ್ಲ. ಮಕ್ಕಳಿಗೆ ಒಗಟು ಮುದ್ರಿಸೋಣ ಎಂದುಕೊಂಡೆ. ಅಂದಿನಿಂದ ಭಾನುವಾರ ಬೆಳಿಗ್ಗೆ ಕಾಫಿ ಕುಡಿದ ಮೇಲೆ ನನ್ನ ಮೊದಲ ಕೆಲಸ ಇದೇ. ಮೇಲೆ ಒಗಟು ದಪ್ಪ ಕಪ್ಪಕ್ಷರದಲ್ಲಿ, ಮಡಚಿ ಅಂಟಿಸುವ ಕೆಳಭಾಗದಲ್ಲಿ ಉತ್ತರದ ಚಿತ್ರ. ಸೋಮವಾರ ತರಗತಿಯ ಹಲಗೆಗೆ ಹಾಕಿದರೆ ಮಡಿಕೆ ಬಿಚ್ಚುವುದು ಶನಿವಾರ. ಯಾವ ರಂಧ್ರ ಕಟ್ಟುವ ಸೂಚನೆ ಕಾಣುತ್ತದೆಯೋ ಆ ಬಣ್ಣಕ್ಕೆ ತಕ್ಕ ಒಗಟು ಆರಿಸುತ್ತೇನೆ. ‘ಅಂಗಡಿಯಿಂದ ತರುವುದು, ಮುಂದಿಟ್ಟುಕೊಂಡು ಅಳುವುದು’ ಬಂದರೆ (ಉತ್ತರ ಈರುಳ್ಳಿ) ಮಜೆಂಟಾಕ್ಕೆ, ಅಂದರೆ ಕಡುಗುಲಾಬಿ ಬಣ್ಣಕ್ಕೆ ಕೆಲಸ. ಬದನೆಕಾಯಿಗೆ ಮಜೆಂಟಾ, ಸಯಾನ್ ಎಂಬ ತಿಳಿನೀಲಿ ಎರಡೂ ಬೇಕು. ಬಾಳೆಹಣ್ಣು ಹಳದಿಗೆ. ಎಲೆ ಯಾವುದಾದರೂ ಇದ್ದರೆ ಸಯಾನ್, ಹಳದಿ ಕೂಡಿ ಹಸಿರಾಗುತ್ತವೆ.

2023ರ ಜುಲೈನಲ್ಲಿ, ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ್ದ ದಿನಗಳಲ್ಲಿ, ನಾನೇ ಒಂದು ಒಗಟು ಕಟ್ಟಿದೆ: ‘ಹಸಿರು ಟೋಪಿ, ಕೆಂಪು ಅಂಗಿ, ಹೊಟ್ಟೆ ತುಂಬ ನೀರು ಬೀಜ.’ ಉತ್ತರವನ್ನು ಸೋಮವಾರ ಮಧ್ಯಾಹ್ನದೊಳಗೇ ಎಲ್ಲರೂ ಹೇಳಿಯಾಗಿತ್ತು. ಅವರ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಶನಿವಾರ ಮಡಿಕೆ ಬಿಚ್ಚಿದಾಗ ಆರನೆಯ ತರಗತಿಯ ಹುಡುಗನೊಬ್ಬ ಚಿತ್ರದ ಹತ್ತಿರ ಮುಖವಿಟ್ಟು ನೋಡಿ, “ಮಿಸ್, ಇದು ಹಣ್ಣಲ್ಲ, ದೋರೆಗಾಯಿ. ಮಾರುಕಟ್ಟೆಗೆ ಇನ್ನೂ ಎರಡು ದಿನ ಬಿಟ್ಟು ಹಾಕಬೇಕು” ಎಂದ. ಮನೆಗೆ ಬಂದು ಪರೀಕ್ಷೆಯ ಹಾಳೆ ಮುದ್ರಿಸಿದೆ. ಮಜೆಂಟಾದ ಮೆಟ್ಟಿಲಲ್ಲಿ ಮೂರು ಕಡೆ ಮುರುಕು. ಮಜೆಂಟಾ ಕಡಿಮೆಯಾಗಿ ಹಳದಿ ಮೇಲಾದ ಕಾರಣ ಕೆಂಪು ಬಣ್ಣ ಕಿತ್ತಳೆಯ ಕಡೆಗೆ ವಾಲಿತ್ತು. ದಿನವೂ ತೋಟದಲ್ಲಿ ಹಣ್ಣು ಬಿಡಿಸುವ ಮಗುವಿನ ಕಣ್ಣಿಗೆ ಸಿಕ್ಕಿದ್ದು ನನ್ನ ಕಣ್ಣಿಗೆ ಸಿಕ್ಕಿರಲಿಲ್ಲ. ಒಂದೇ ಸಲದ ಕ್ಲೀನಿಂಗಿಗೆ ಸರಿಹೋಯಿತು. ಅಂದಿನಿಂದ ನನ್ನ ಮಟ್ಟಿಗೆ ಈ ಯಂತ್ರದ ಮೇಲಿದ್ದ ಮುನಿಸು ಕರಗಿತು ಎಂದೇ ಹೇಳಬೇಕು. ಬೇಡವೆಂದು ಬಿಟ್ಟಿದ್ದ ಮೂರು ಬಣ್ಣಗಳೇ ಈಗ ನನಗೆ ಹೆಚ್ಚು ಬೇಕಾದವು.

ಉಳಿದ ಸಂಗತಿಗಳು ಬೇಗ ಹೇಳಿ ಮುಗಿಯುವಂಥವು. ಸ್ಕ್ಯಾನರ್ ನಿಧಾನ, ಆದರೆ ಆಧಾರ್, ಪಹಣಿ ಪ್ರತಿಗಳಿಗೆ ಸಾಕು. ಕಾಗದ ಹಿಂಬದಿಯಿಂದ ಮೇಲ್ಮುಖವಾಗಿ ನಿಲ್ಲುವುದರಿಂದ ಧೂಳು ಬೀಳುತ್ತದೆ. ಕೆಲಸವಾದ ಮೇಲೆ ತೆಗೆದಿಡುವುದು ಒಳ್ಳೆಯದು. ವಿಂಡೋಸ್ 7 ಇರುವ ನನ್ನ ಹಳೆಯ ಕಂಪ್ಯೂಟರ್‌ಗೆ 2020ರ ಜನವರಿಯಲ್ಲೇ ಮೈಕ್ರೋಸಾಫ್ಟಿನ ಬೆಂಬಲ ನಿಂತಿತು. ಪ್ರಿಂಟರ್ ಅದರಲ್ಲಿ ಇನ್ನೂ ತಕರಾರಿಲ್ಲದೆ ನಡೆಯುತ್ತಿದೆ. ಆ ಕಂಪ್ಯೂಟರನ್ನು ಉಳಿಸಿಕೊಂಡಿರುವುದಕ್ಕೆ ಕಾರಣ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ನನ್ನ ಹತ್ತು ವರ್ಷದ ಪ್ರಶ್ನೆಪತ್ರಿಕೆಗಳು. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಬಿಡುವಾದಾಗ ಒಂದೊಂದನ್ನೇ ಎಲ್ಲ ಕಂಪ್ಯೂಟರ್‌ಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿ, ಒತ್ತು ದೀರ್ಘ ತಿದ್ದಿ ಇಡುತ್ತಿದ್ದೇನೆ.

ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಮಾತು ಇಷ್ಟು. ತಿಂಗಳಿಗೆ ಎರಡು ಅರ್ಜಿ ಮುದ್ರಿಸುವ ಮನೆಗೆ ಇದು ಬೇಡವೇ ಬೇಡ. ಜೆರಾಕ್ಸ್ ಅಂಗಡಿಯೇ ಅಗ್ಗ. ಬರೀ ಕಪ್ಪು ಸಾಕು, ರಜೆಯಲ್ಲಿ ಊರಿಗೆ ಹೋಗುತ್ತೀರಿ ಎಂದಾದರೆ ಲೇಸರ್ ನೋಡಿ. ಅದರ ಟೋನರ್ ಒಣಪುಡಿ, ಕಟ್ಟುವ ಮಾತಿಲ್ಲ. ಆದರೆ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ರೋಲರ್ ಬಿಸಿಯಾಗುವಾಗ ಒಮ್ಮೆಲೇ ತುಂಬ ವಿದ್ಯುತ್ ಎಳೆಯುತ್ತದೆ. ನಮ್ಮ ಸಹೋದ್ಯೋಗಿಯ ಮನೆಯ ಯು.ಪಿ.ಎಸ್. ಪ್ರತಿ ಸಲ ಕಿರುಚಿ ಆರಿಹೋಗುತ್ತದೆ. ನನ್ನದು ಅದೇ ಗಾತ್ರದ ಯು.ಪಿ.ಎಸ್. ಮೇಲೆ ಆರಾಮವಾಗಿ ನಡೆಯುತ್ತದೆ. ವಾರಕ್ಕೊಂದು ಹಾಳೆ ಕೊಡುವ ಶಿಸ್ತು ಇರುವವರು ಇಂಕ್ ಟ್ಯಾಂಕನ್ನು ಧೈರ್ಯವಾಗಿ ತನ್ನಿ.

2025ರ ಬೇಸಿಗೆ ರಜೆಯಲ್ಲಿ, ಮೇ ತಿಂಗಳಲ್ಲಿ, ಮಾವಿನ ಕೆಲಸಕ್ಕೆಂದು ನಾವೆಲ್ಲ ಶ್ರೀನಿವಾಸಪುರದ ತೋಟದಲ್ಲಿದ್ದೆವು. ಪಕ್ಕದ ಮನೆಯ ಹುಡುಗಿಗೆ ಬೀಗದ ಕೈ ಕೊಟ್ಟು, ಪ್ರತಿ ಭಾನುವಾರ ಒಂದು ಹಾಳೆ ಮುದ್ರಿಸು, ಹೆಡ್ ಮನೆ ಸೇರುವವರೆಗೆ ಅಲ್ಲೇ ನಿಂತಿರು ಎಂದು ಹೇಳಿ ಹೋಗಿದ್ದೆ. ಬಂದು ನೋಡಿದರೆ ಮೇಜಿನ ಮೇಲೆ ನಾಲ್ಕು ಹಾಳೆ ಒಂದರ ಮೇಲೊಂದು ಜೋಡಿಸಿಟ್ಟಿದ್ದವು. ಕಿಟಕಿಯ ಬೆಳಕಿಗೆ ಹಿಡಿದೆ. ಹಳದಿಯಲ್ಲಿ ಒಂದು ಮುರುಕೂ ಇರಲಿಲ್ಲ. ಪ್ರತಿಯೊಂದರ ಹಿಂದೆಯೂ ಪೆನ್ಸಿಲಿನಲ್ಲಿ ದಿನಾಂಕ ಬರೆದಿದ್ದಳು. ಮೇ 18ರದ್ದರ ಹಿಂದೆ ಇನ್ನೆರಡು ಸಾಲು ಇತ್ತು: ‘ಅರ್ಧಕ್ಕೆ ಕರೆಂಟ್ ಹೋಯಿತು. ಬರುವವರೆಗೂ ಇಲ್ಲೇ ಕೂತಿದ್ದು ಮನೆ ಸೇರಿಸಿ ಹೋದೆ.’